ಹೆಣಕ್ಕೆ ಬಂದ ಆಹೇರಿ

ಸಾಯುವುದರಲ್ಲಿ ನಾನು ಪಳಗಿದವಳು. ಟೀವಿ ಧಾರಾವಾಹಿಯೊಂದರಲ್ಲಿ ವರ್ಷಗಟ್ಟಲೆ ಬಾಯಿಬಡುಕಿ ಅತ್ತೆಯಾಗಿದ್ದೆ. ಕಥೆ ಬೇರೆ ಕಡೆ ಹೊರಳಿದಾಗ ನನ್ನನ್ನು ಸಾಯಿಸಿ, ಫೋಟೋಕ್ಕೆ ಪ್ಲಾಸ್ಟಿಕ್ ಹಾರ ಹಾಕಿ ಗೋಡೆಗೆ ತೂಗುಹಾಕಿದರು. ವಿಜಯಪುರಕ್ಕೆ ಮರಳಿದೆ. ಜೋರಾಪುರ ಪೇಟೆಯಲ್ಲಿ ಕಾಯಿಪಲ್ಲೆ ಮಾರುವವಳು, "ಯವ್ವಾ, ಜೀವಂತ ಅದೀರಲ್ರಿ!" ಎಂದು ನಕ್ಕಳು. ನನಗೆ ನಗೆಯೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆಮೇಲೆ ಹಳ್ಳಿ ನಾಟಕದವರು ಕರೆದದ್ದೂ ಸಾಯುವ ತಾಯಿಯ ಪಾತ್ರಕ್ಕೇ.

ನನ್ನ ತವರು ಸಾರವಾಡ. ನಾಟಕದಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರನ್ನು ಮದುವೆಯಾದಂದಿನಿಂದ ಅಣ್ಣ ಮಾತು ಬಿಟ್ಟ. ನಾಗರ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅವನು ಒಮ್ಮೆಯೂ ಬಂದಿಲ್ಲ. ಆದರೂ ಹಬ್ಬದ ದಿನ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನಾನು ಬಿಟ್ಟಿರಲಿಲ್ಲ. "ಬಂದ್ರ ಒಳಗ ಬರ್ತಾನ ತಗೋ, ಬಾಗಲಾ ಯಾಕ ಕಾಯ್ತಿ?" ಎಂದು ನಮ್ಮವರು ಪೇಟಿ ಒರೆಸುತ್ತ ಅನ್ನುತ್ತಿದ್ದರು.

ಹಳ್ಳಿ ನಾಟಕವೆಂದರೆ ಆಹೇರಿ ಇರಲೇಬೇಕು. ಮೆಚ್ಚಿದವರು ನಡು ಆಟದಲ್ಲೇ ಸ್ಟೇಜ್ ಹತ್ತಿ ಉಡುಗೊರೆ ಕೊಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ನನ್ನ ಹೆಣದ ಮೇಲೆ ಬಿದ್ದು ಅಳುತ್ತಿದ್ದ ಮಗ ಎದ್ದು, ಮೂಗು ಒರೆಸಿಕೊಂಡು, ಟಾವೆಲ್ಲು ಹೊದಿಸಿಕೊಂಡು, ಕೈಮುಗಿದು, ಮತ್ತೆ ಬಂದು ಅಳು ಶುರು ಮಾಡುತ್ತಾನೆ. ಹೆಣಕ್ಕೆ ಯಾರೂ ಆಹೇರಿ ಮಾಡುವುದಿಲ್ಲ.

ಹೊನವಾಡದಲ್ಲಿ ಮಾಡಿದರು. ನಾನು ಸತ್ತು ಮಲಗಿದ್ದೆ. "ತಾಯಿ ಪಾರ್ಟ್ ಮಾಡಿದವರಿಗೆ ಸಾರವಾಡದ ಹಿರಿಯರೊಬ್ಬರು ಇಳಕಲ್ ಸೀರಿ ಆಹೇರಿ ಮಾಡ್ಯಾರ, ಹೆಸರು ಬ್ಯಾಡ ಅಂದಾರ," ಎಂದು ಮೈಕು ಕೂಗಿತು. ಸ್ಟೇಜಿನ ಹಲಗೆ ಕಿರುಗುಟ್ಟಿತು. ಹತ್ತಿರದಲ್ಲೇ ಯಾರೋ ಕೆಮ್ಮಿದರು. ನಮ್ಮಪ್ಪನದೂ ಅದೇ ಕೆಮ್ಮು. ಬಂದವನು ಅಣ್ಣನೇ ಎಂದು ಗೊತ್ತಾಯಿತು.

"ಏಳಬೇ ಯವ್ವಾ! ಸೀರಿ ತಗೊಂಡು ಮತ್ತ ಸಾಯುವಂತಿ!" ಎಂದು ಮಂದಿಯೊಳಗಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಎದ್ದೇಬಿಡೋಣ ಎಂದು ನನಗೂ ಅನಿಸಿತು.

"ಏಳೂದು ಬ್ಯಾಡ," ಎಂದ ಅಣ್ಣ, ನನಗಷ್ಟೇ ಕೇಳುವಂತೆ. "ಹಂಗ ಇರ್ಲಿ."

ಸೀರೆಯ ಮಡಿಕೆ ಬಿಚ್ಚಿ, ಪಾದದಿಂದ ಎದೆಯ ತನಕ ಹೊದಿಸಿ, ಅಂಚು ಸರಿಮಾಡಿ ಇಳಿದು ಹೋದ. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಹೊಸ ಸೀರೆ ತಂದು ಹೀಗೇ ಹೊದಿಸುತ್ತಾರೆ. ತವರಿನ ಋಣ ಅಲ್ಲಿಗೆ ತೀರಿತು. ನಾನು ಕಣ್ಣು ಬಿಡಲಿಲ್ಲ. ಅದು ಪಾತ್ರಕ್ಕಾಗಿಯೋ, ಅಣ್ಣನ ಮಾತು ಮೀರಬಾರದೆಂದೋ, ಈಗಲೂ ಹೇಳಲಾರೆ.

ಪರದೆ ಬಿದ್ದ ಮೇಲೆ ಹುಡುಕಿದೆ, ಅವನಿರಲಿಲ್ಲ. "ಬಂದಿದ್ನಲ್ಲ, ಸಮಾಧಾನ ಮಾಡ್ಕೋ," ಎಂದರು ನಮ್ಮವರು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತು ನೋಡಿದೆ. ಬರಲಿಲ್ಲ. ಬಣ್ಣ ಒರೆಸಿಕೊಂಡು ಚಹಾ ಕುಡಿದೆ.

ಈ ಸಲವೂ ಪಂಚಮಿ ಬಂತು. ಉಂಡಿ ಕಟ್ಟಿದೆ, ನೆರೆಯವರಿಗೆ ಹಂಚಿದೆ. ಬಾಗಿಲಿಗೆ ಹೋಗಿ ನಿಲ್ಲಲಿಲ್ಲ. ತವರಿನಿಂದ ಬರಬೇಕಾದ ಕೊನೆಯ ಸೀರೆ ಬಂದಾಗಿದೆ.