ಫೂಲ ಇಲ್ಲದ ಬತ್ತಿ

ಒಂದು ಸುಳ್ಳಿಗೆ ನಾನು ತೆತ್ತ ಬೆಲೆ ಒಬ್ಬ ಗೆಳತಿ. ಮೊದಲೇ ಹೇಳಿಬಿಡುತ್ತೇನೆ — ವ್ಯಾಪಾರದವಳು ನಾನು, ಬೆಲೆ ಹೇಳದೆ ಗಂಟು ಬಿಚ್ಚುವ ಅಭ್ಯಾಸವಿಲ್ಲ. ಜುಲೇಕಾಬಿ ಕಂಡುಹಿಡಿದದ್ದನ್ನು ನಾನೇ ಕಂಡುಹಿಡಿದೆ ಎಂದು ದೊಡ್ಡವರ ಎದುರು ಹೇಳಿದೆ. ಅವಳು ಅಲ್ಲೇ, ನನ್ನ ಬೆನ್ನ ಹಿಂದೆ ನಿಂತಿದ್ದಳು. ಅಷ್ಟಕ್ಕೇ ಮುಗಿಯಲಿಲ್ಲ. ಅವಳು ಯಾರೆಂದು ಅವರು ಕೇಳಿದಾಗ ಇನ್ನೊಂದು ಮಾತು ಹೇಳಿದೆ — ಅದಕ್ಕೆ ಆಮೇಲೆ ಬರುತ್ತೇನೆ, ಈಗಲೇ ಬರೆಯಲು ಕೈ ಏಳುತ್ತಿಲ್ಲ. ಯಾಕೆ ಹೇಳಿದೆ ಎಂದು ಕೇಳುತ್ತೀರಿ. ಹಳೆಯ ಬಟ್ಟೆಗೆ ನಾಚಿಕೊಂಡೆ. ಹಳೆಯ ಬಟ್ಟೆಯಿಂದಲೇ ಹೊಟ್ಟೆ ತುಂಬಿಸಿಕೊಂಡವಳು, ಹಳೆಯ ಬಟ್ಟೆಗೆ ನಾಚಿಕೊಂಡೆ.

ನಾನು ಸುನಂದಾ. ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಈಗ ಗಾಜಿನ ಬಾಗಿಲು, ಬೋರ್ಡು, ಒಳಗೆ ಫ್ಯಾನು ಎಲ್ಲ ಇವೆ. ಮೊದಲು ಇದ್ದದ್ದು ತಲೆಯ ಮೇಲಿನ ಬುಟ್ಟಿ ಮಾತ್ರ. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಯ ಕೂಲಿಗೆ ಬಂದವರು. ಅವರು ತೀರಿಕೊಂಡ ಮೇಲೆ ನಾನು ಬುಟ್ಟಿ ಹೊತ್ತೆ. "ಹಳೇ ಸೀರಿ ಕೊಡ್ರೀ, ಹೊಸಾ ಭಾಂಡೆ ತಗೋರೀ" ಎಂದು ಕೂಗುತ್ತ ನಮ್ಮ ಕಡೆಯ ರಾಮನಗರದಿಂದ ಗಡಿಯ ಅನಮೋಡದ ತನಕ ತಿರುಗಿದೆ. ಒಂದು ಸೀರೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದರೆ ಸಾಕು, ಎಷ್ಟು ವರ್ಷ ಒಗೆದದ್ದು, ಇನ್ನೆಷ್ಟು ದಿನ ತಾಳುತ್ತದೆ ಎಂದು ಹೇಳಬಲ್ಲೆ. (ನಿಮಗೂ ಒಂದು ಮಾತು — ಹಳೆಯ ಸೀರೆ ಕೊಡುವಾಗ ಜರಿಯಂಚನ್ನು ಮೊದಲೇ ಕಿತ್ತಿಟ್ಟುಕೊಳ್ಳಿ. ನಮ್ಮಂಥವರು ನಿಮಗೆ ಅದನ್ನು ನೆನಪಿಸುವುದಿಲ್ಲ.)

ಆ ಹಳೆಯ ಬಟ್ಟೆಯನ್ನು ನನ್ನಿಂದ ಕೊಳ್ಳುತ್ತಿದ್ದವಳು ಜುಲೇಕಾಬಿ. ಹಳಿಯಾಳ ತಾಲ್ಲೂಕಿನ ಒಂದು ಸಿದ್ದಿಯರ ಊರಿನವಳು. ಕೌದಿ ಹೊಲಿಯುವುದು ಅವಳ ಕಸುಬು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಟುಗಳನ್ನು ಹರವಿಕೊಂಡು ಕೂರುತ್ತಿದ್ದಳು. ಚೌಕಾಸಿಯಲ್ಲಿ ನನಗೆ ಸರಿಜೋಡಿ.

"ಸುನಂದಕ್ಕಾ, ಈ ಸೀರಿ ಹಿಂದಿನ ವಾರನೂ ಇದ ಗಂಟಿನ್ಯಾಗಿತ್ತು. ನನ್ನ ಗುರುತ ಹಿಡದು ನಗಾಕತ್ತೈತಿ ನೋಡು."

"ನಗಲಿ ಬಿಡು. ನಕ್ಕರ ರೇಟು ಇಳೀತೈತೇನ?"

"ಇಳಸಬ್ಯಾಡ, ಚಾ ಕುಡಸು. ಇಬ್ಬರೂ ನಗೂಣು."

ಹೀಗೆ ಏಳೆಂಟು ವರ್ಷ. ಅವಳಿಗೆ ನಾನು ಅಕ್ಕ. ವಯಸ್ಸಿನಲ್ಲಿ ನನಗಿಂತ ಅವಳೇ ದೊಡ್ಡವಳಿದ್ದಳೋ ಏನೋ — ಕೇಳಲೇ ಇಲ್ಲ.

ಅವರ ಕೌದಿಗೆ ಒಂದು ಪದ್ಧತಿ ಇದೆ. ಹೊಲಿಗೆಯೆಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ, ಪದರದ ಮೇಲೆ ಪದರವಾಗಿ ಮಡಚಿ ಕೂರಿಸುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ — ಹೂವು. ಒಮ್ಮೆ ನಾನು, "ಈ ಫೂಲ ಬಿಟ್ಟರ ಅರ್ಧಾ ತಾಸು ಉಳೀತೈತಿ, ಅರಿವೀನೂ ಉಳೀತೈತಿ" ಎಂದು ಲೆಕ್ಕ ಹೇಳಿದ್ದೆ. ಜುಲೇಕಾಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಫೂಲ ಇಲ್ಲದ್ದು ಬತ್ತಲೆ ಇದ್ದಂಗಕ್ಕಾ. ಬತ್ತಲೆ ಕೌದಿ ಯಾರ ಹೊಚ್ಚತಾರ?"

ನನ್ನ ಮನೆಯ ಮಾಳಿಗೆಯ ಮೇಲೆ ಕುಂಡಗಳಿದ್ದವು. ತುಳಸಿ, ಗುಲಾಬಿ, ಎರಡು ಮಲ್ಲಿಗೆ. ನಾನು ಮಾಲು ತರಲು ನಾಲ್ಕು ದಿನ ಹೋದರೆ ಅವು ಒಣಗಿ ಕೂತಿರುತ್ತಿದ್ದವು. ಒಂದು ಬೇಸಿಗೆಯಲ್ಲಿ ತುಳಸಿಯೇ ಹೋಯಿತು. ನಾನು ಅಳುಮೋರೆ ಹಾಕಿ ಕೂತದ್ದನ್ನು ಕಂಡು ಜುಲೇಕಾಬಿ ಮುಂದಿನ ವಾರ ಚೀಲದಿಂದ ಒಂದು ವಸ್ತು ತೆಗೆದಳು. ಗೇಣುದ್ದ, ಎರಡು ಬೆರಳಗಲ. ಹಳೆಯ ನೂಲಿನ ಸೀರೆಯ ನಾಲ್ಕು ಪದರ, ಕೌದಿಯ ಹಾಗೆ ಸಣ್ಣ ಸಣ್ಣ ಹೊಲಿಗೆಯ ಟಾಕು. ಒಂದು ತುದಿಯಲ್ಲಿ ಪುಟ್ಟ ಫೂಲ. ಕುಂಡದ ತಳದ ತೂತಿನಿಂದ ಅದನ್ನು ಕೆಳಕ್ಕೆ ಇಳಿಬಿಟ್ಟಳು. ಫೂಲ ತೂತಿಗೆ ಸಿಕ್ಕಿ ಮಣ್ಣಿನೊಳಗೇ ನಿಂತಿತು, ಬಾಲ ಕೆಳಗಿನ ನೀರಿನ ಡಬ್ಬಿಯಲ್ಲಿ ಮುಳುಗಿತು. ಅಷ್ಟೆ. ಕರೆಂಟಿಲ್ಲ, ನಳವಿಲ್ಲ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಅದು ನೀರು ಎಳೆಯಿತು. ನಾನು ಎಂಟು ದಿನ ಬಿಟ್ಟು ಬಂದರೂ ಮಣ್ಣು ತೇವವಾಗಿತ್ತು.

ಅವಳು ಕೊಟ್ಟದ್ದು ಗಿಡಕ್ಕೆ. ನಾನು ಕಂಡದ್ದು ಮಾಲು.

ಡಬ್ಬಿ ನನ್ನ ಅಂಗಡಿಯದು, ಬತ್ತಿ ಅವಳದು, ಒಂದು ಜೋಡಿ ಮಾಡಿ ಪೇಟೆಪೇಟೆಯಲ್ಲಿ ಮಾರಬಹುದು. ಅದಕ್ಕೆ ಬಂಡವಾಳ ಬೇಕು. ಆ ವರ್ಷ ದಾಂಡೇಲಿಯ ಒಂದು ರೆಸಾರ್ಟಿನಲ್ಲಿ ಸಣ್ಣ ವ್ಯಾಪಾರದವರನ್ನು ಕರೆದು, ಹೂಡಿಕೆ ಮಾಡುವವರೆದುರು ತಮ್ಮ ತಮ್ಮ ವಸ್ತು ತೋರಿಸಿ ಮಾತಾಡಲು ಅವಕಾಶ ಕೊಟ್ಟರು. ನಾನು ಹೆಸರು ಕೊಟ್ಟೆ. ಜುಲೇಕಾಬಿಗೆ ಹೇಳಿದೆ: "ನೀನೂ ಬಾ. ನಿನ್ನ ಹೆಸರ ಹೇಳಿ ನಿನ್ನನ್ನ ಮುಂದ ಮಾಡ್ತೇನಿ." ಅವಳು ನಂಬಿದಳು. ಊರಿನ ನಾಲ್ವರು ಹೆಂಗಸರಿಗೆ ಹೇಳಿಯೂ ಬಿಟ್ಟಳು — ಇನ್ನು ಮಳೆಗಾಲದಲ್ಲಿ ಕೂಲಿ ಇಲ್ಲವೆಂದು ಕೂರಬೇಕಾಗಿಲ್ಲ, ಮನೆಯಲ್ಲೇ ಬತ್ತಿ ಹೊಲಿಯಬಹುದು ಎಂದು. ಅವರು ಬಟ್ಟೆ ಹರಿದು ಪಟ್ಟಿ ಮಾಡಿಕೊಂಡು ಕಾಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಮುಂದಿನದನ್ನು ನಿಧಾನವಾಗಿ ಹೇಳಬೇಕು.

ಹೋಗುವ ಎರಡು ದಿನ ಮೊದಲು ಅವಳು ಮಾದರಿಗೆಂದು ಕೊಟ್ಟಿದ್ದ ಬತ್ತಿಗಳನ್ನು ಮೇಜಿನ ಮೇಲೆ ಇಟ್ಟು ನೋಡಿದೆ. ಒಂದರಲ್ಲಿ ಮಾಸಿದ ಹಸಿರು, ಒಂದರಲ್ಲಿ ಯಾರದೋ ಲಂಗದ ಹೂವು, ಇನ್ನೊಂದರಲ್ಲಿ ಧೋತರದ ಅಂಚು. ರೆಸಾರ್ಟಿನ ಆ ಹೊಳೆಯುವ ಹಾಲ್‌ನಲ್ಲಿ, ಇಸ್ತ್ರಿ ಅಂಗಿಯವರ ಮುಂದೆ ಇವನ್ನು ಇಡುವುದೇ? ನೋಡಿದ ಕೂಡಲೇ ಅವರಿಗೆ ನನ್ನ ಬುಟ್ಟಿ ಕಾಣುತ್ತದೆ, ನನ್ನ ಕೂಗು ಕೇಳಿಸುತ್ತದೆ ಅನ್ನಿಸಿತು. ಪಕ್ಕದ ದರ್ಜಿಯಿಂದ ಹೊಸ ಬಿಳಿ ಬಟ್ಟೆಯಲ್ಲಿ ಮಶೀನಿನ ಮೇಲೆ ಹನ್ನೆರಡು ಬತ್ತಿ ಹೊಲಿಸಿದೆ. ಫೂಲ ಬೇಡವೆಂದೆ. ತುದಿಗೆ ಒಂದು ಗಂಟು ಹಾಕಿಸಿದೆ. ಜುಲೇಕಾಬಿಗೆ ಹೇಳಲಿಲ್ಲ. ಕುಂಡದಲ್ಲಿ ಇಟ್ಟು ಪರೀಕ್ಷೆಯನ್ನೂ ಮಾಡಲಿಲ್ಲ — ಹಳೆಯದೇ ಎಳೆಯುವಾಗ ಹೊಸದು ಎಳೆಯದೆ ಇರುತ್ತದೆಯೇ?

ಆ ದಿನ ಬೆಳಿಗ್ಗೆ ರೆಸಾರ್ಟಿನ ಹಾಲ್‌ನಲ್ಲಿ ಒಣಮಣ್ಣಿನ ಕುಂಡಗಳನ್ನು ಸಾಲಾಗಿ ಜೋಡಿಸಿ, ಡಬ್ಬಿಗಳಿಗೆ ನೀರು ಹಾಕುವಾಗ ಜುಲೇಕಾಬಿ ಬಂದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಚೀಲ. ಬಿಳಿ ಬತ್ತಿಗಳನ್ನು ಕಂಡು ಒಂದನ್ನು ಮುಟ್ಟಿ ನೋಡಿದಳು.

"ಅಕ್ಕಾ, ಇದು ಕೋರಾ ಅರಿವಿ. ಇನ್ನೂ ಗಂಜಿ ಹೋಗಿಲ್ಲ. ಇದು ನೀರ ಕುಡಿಯಂಗಿಲ್ಲ."

"ಕುಡೀತೈತಿ ತಗೋ."

"ಕೇಳಕ್ಕಾ, ನನ್ನ ಚೀಲದಾಗ ಹಳೇವು ಅದಾವು. ಈಗ ಬದಲಿ ಮಾಡಿದ್ರ ಮಧ್ಯಾಹ್ನದೊಳಗ —"

"ಜುಲೇಕಾ, ಸುಮ್ಮನಿರು. ಎಲ್ಲಾದಕ್ಕೂ ನಿಂದ ಆಗಬೇಕಂದ್ರ ಹೆಂಗ?"

ತನ್ನ ಹೊಲಿಗೆ ಬಿಟ್ಟದ್ದಕ್ಕೆ ಅವಳಿಗೆ ಸಿಟ್ಟು, ಅದಕ್ಕೇ ಹೊಸದರಲ್ಲಿ ಐಬು ಹುಡುಕುತ್ತಿದ್ದಾಳೆ ಎಂದುಕೊಂಡೆ. ಜೀವನವಿಡೀ ಚೌಕಾಸಿ ಮಾಡಿದವರಿಗೆ ಒಂದು ರೋಗ ಹತ್ತುತ್ತದೆ: ಎದುರಿನವರು ನಿಜ ಹೇಳಿದರೂ ಅದು ರೇಟಿನ ಮಾತಾಗಿಯೇ ಕೇಳಿಸುತ್ತದೆ. ಬಟ್ಟೆ ಮುಟ್ಟಿ ವಯಸ್ಸು ಹೇಳುವವಳು ನಾನು. ಅವತ್ತು ಆ ಬಿಳಿ ಬಟ್ಟೆಯನ್ನು ಒಂದು ಸಲವೂ ಬೆರಳಲ್ಲಿ ಉಜ್ಜಿ ನೋಡಲಿಲ್ಲ.

ಊಟದ ಮೇಲೆ ನಮ್ಮ ಸರದಿ. ಬತ್ತಿಗಳು ಮುಂಜಾನೆಯಿಂದ ನೀರಿನಲ್ಲಿವೆ, ಇನ್ನು ಊರಿಗೆ ಹೋದರೂ ಗಿಡ ಒಣಗುವುದಿಲ್ಲ ಎಂದು ವಿವರಿಸಿದೆ. ಮುಖ್ಯವಾಗಿ ಮಾತಾಡಿದವರು ಇಬ್ಬರು — ಹುಬ್ಬಳ್ಳಿಯ ಒಬ್ಬ ಹಿರಿಯ ಯಜಮಾನರು ಮತ್ತು ಬೆಳಗಾವಿಯ ಒಬ್ಬ ಹೆಣ್ಣುಮಗಳು. ಇಬ್ಬರ ಮುಖದಲ್ಲೂ ನಂಬಿಕೆಯಿರಲಿಲ್ಲ. ನನಗೆ ಅದರ ಹೆದರಿಕೆಯೂ ಇರಲಿಲ್ಲ. ನಂಬದ ಗಿರಾಕಿಯೇ ನನಗೆ ಇಷ್ಟ.

"ನೀವು ಊರಿಗೆ ಹೋದ್ರ ಮನ್ಯಾಗ ಯಜಮಾನ್ರು ನೀರ ಹಾಕಂಗಿಲ್ಲೇನ್ರಿ?" ಎಂದರು ಬೆಳಗಾವಿಯವರು.

"ಹಾಕ್ತಾರ್ರಿ. ನಾ ತಿರುಗಿ ಬಂದ ದಿನಾ, ನೆನಪ ಮಾಡಿದ ಮ್ಯಾಲೆ."

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಗು ಬಂದರೆ ಅರ್ಧ ವ್ಯಾಪಾರ ಕುದುರಿದಂತೆ. ನನಗೆ ಹುರುಪು ಏರಿತು.

"ಛಲೋ ಐತಿ," ಎಂದರು ಬೆಳಗಾವಿಯವರು. "ಈ ವಿಚಾರ ಯಾರದ್ರಿ? ಯಾರ ಕಂಡ ಹಿಡಿದ್ರು?"

ಅವಳ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಇಂದಿಗೂ ಆಣೆಯಿಟ್ಟು ಹೇಳಬಲ್ಲೆ. ಬಾಯಿ ತೆರೆದಾಗ ಬಂದದ್ದು ಬೇರೆ.

"ನಾನ ರೀ."

ಯಜಮಾನರು ಎದ್ದು ಬಂದರು. ಮೊದಲ ಕುಂಡದ ಮಣ್ಣಿಗೆ ತೋರುಬೆರಳು ತೂರಿಸಿದರು. ಹೊರಗೆ ತೆಗೆದು ನನಗೆ ತೋರಿಸಿದರು. ಬೆರಳಿಗೆ ಒಂದು ಕಣ ಮಣ್ಣೂ ಅಂಟಿರಲಿಲ್ಲ. ಎರಡನೆಯ ಕುಂಡ. ಮೂರನೆಯದು. ಬೂದಿಯ ಹಾಗೆ ಒಣ ಮಣ್ಣು.

"ಮುಂಜಾನಿಂದ ನೀರಾಗ ಐತಿ ಅಂದ್ರಿ. ನೀರ ಯಾಕ ಏರಿಲ್ರಿ?"

ಉತ್ತರ ಗೊತ್ತಿದ್ದವಳು ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಚೀಲದೊಳಗೆ ಕೈ ಹಾಕಿದ್ದಳು.

"ನಾ ಹೇಳ್ತೇನ್ರಿ ಸಾಹೇಬ್ರ —"

"ಇವರು ಯಾರು?" ಎಂದು ಯಜಮಾನರು ನನ್ನನ್ನು ಕೇಳಿದರು.

ಅವಳು ಮಾತಾಡಿದರೆ ನನ್ನ 'ನಾನ ರೀ' ಅಲ್ಲೇ ಹರಿದುಹೋಗುತ್ತಿತ್ತು. ನಾನು ನಕ್ಕೆ. ನಕ್ಕೇ ಹೇಳಿದೆ.

"ನಮ್ಮ ಮನೀ ಕೆಲಸದಾಕಿ ರೀ. ಸಾಮಾನ ಹೊರಾಕ ಬಂದಾಳ. ಆಕಿಗೇನ ತಿಳೀತೈತಿ."

ಅವಳ ಬಣ್ಣ, ಅವಳ ಗುಂಗುರು ಕೂದಲು ನೋಡಿದವರು ಒಬ್ಬರೂ ಆ ಮಾತಿಗೆ ಸಂಶಯಪಡಲಿಲ್ಲ. ಸಂಶಯಪಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ತಪ್ಪಿನಲ್ಲಿ ಎಲ್ಲಕ್ಕಿಂತ ಹೊಲಸಾದದ್ದು ಇದೇ — ಸುಳ್ಳನ್ನೂ ನಾನು ಸುಲಭವಾಗಿ ಹೋಗುವ ಮಾಲು ನೋಡಿಯೇ ಆರಿಸಿದ್ದೆ.

ಜುಲೇಕಾಬಿ ಚೀಲದಿಂದ ಕೈ ಹೊರಗೆ ತೆಗೆದಳು. ಚೀಲವನ್ನು ನನ್ನ ಕಾಲ ಹತ್ತಿರ ಮೆಲ್ಲಗೆ ಇಟ್ಟು ಹೊರಗೆ ಹೋದಳು. ಹೂಡಿಕೆಯವರು ಸಮಾಧಾನದಿಂದಲೇ ಇಲ್ಲವೆಂದರು. ತನ್ನ ವಸ್ತು ಯಾಕೆ ಕೆಟ್ಟಿತೆಂದು ಹೇಳಲಾರದವರ ಕೈಗೆ ಬಂಡವಾಳ ಕೊಡುವುದು ಹೇಗೆ ಎಂದರು. ನ್ಯಾಯವಾದ ಮಾತು. ನಾನಾದರೂ ಕೊಡುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಓಡಿದೆ. ಹಳಿಯಾಳದ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಆಗಲೂ ತಪ್ಪಾಯಿತು ಎನ್ನಲಿಲ್ಲ ನಾನು. "ಜುಲೇಕಾ, ಮುಂದಿನ ವಾರ ಬಾ. ರೊಕ್ಕಾ ಬ್ಯಾಡ, ಎರಡು ಗಂಟು ಅರಿವಿ ಹಂಗ ಕೊಡ್ತೇನಿ" ಎಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬಾಯಾರ, ನಾ ನಿಮ್ಮ ಮನ್ಯಾಗ ಯಾವಾಗ ಕೆಲಸಾ ಮಾಡೇನ್ರಿ?"

ಬಾಯಾರ. ಮನೆಗೆಲಸದವರು ಒಡತಿಯನ್ನು ಕರೆಯುವ ಮಾತು. ಏಳೆಂಟು ವರ್ಷದ ಅಕ್ಕ ಒಂದೇ ಮಧ್ಯಾಹ್ನದಲ್ಲಿ ಬಾಯಾರ ಆಗಿದ್ದೆ. ನಾನೇ ಕೊಟ್ಟ ಜಾಗದಲ್ಲಿ ನಿಂತು ಅವಳು ಮಾತಾಡಿದ್ದಳು, ಅಷ್ಟೆ. ಬಸ್ಸು ಹೋಯಿತು. ಮುಂದಿನ ವಾರ ಅವಳು ಬರಲಿಲ್ಲ. ಆ ನಾಲ್ವರು ಹೆಂಗಸರಿಗೆ ಏನು ಹೇಳಿದಳೋ, ಹರಿದಿಟ್ಟ ಪಟ್ಟಿಗಳನ್ನು ಏನು ಮಾಡಿದರೋ — ನನಗೆ ತಿಳಿಯದು. ನಾಲ್ಕು ವರ್ಷವಾಯಿತು.

ಚೀಲದಲ್ಲಿ ಹನ್ನೆರಡು ಬತ್ತಿಗಳಿದ್ದವು. ಹನ್ನೆರಡಕ್ಕೂ ಫೂಲ. ಮನೆಗೆ ತಂದು ಒಂದನ್ನು ಹೊಸ ತುಳಸಿಯ ಕುಂಡಕ್ಕೆ ಹಾಕಿದೆ. ಅದು ಇನ್ನೂ ನೀರು ಎಳೆಯುತ್ತಿದೆ. ಒಮ್ಮೆ ಪಕ್ಕದ ಮನೆಯವಳು ನೋಡಿ, "ಭಾರಿ ಐತಲ್ಲರೀ, ಯಾರ ಕಲಿಸಿದ್ರು?" ಎಂದಳು. ಅಲ್ಲಿ ಹೂಡಿಕೆಯವರು ಯಾರೂ ಇರಲಿಲ್ಲ, ಕಳೆದುಕೊಳ್ಳುವುದೇನೂ ಇರಲಿಲ್ಲ. ಆದರೂ, "ಹಿಂಗ, ನಾನ ಮಾಡಿದೆ" ಎಂದೆ. ಹೆದರಿ ಆಡಿದ ಸುಳ್ಳು ಎಂದು ಅದುವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ. ಆ ದಿನ ಆ ನೆಪವೂ ಹೋಯಿತು.

ಈಚೆಗೆ ಹುಬ್ಬಳ್ಳಿಯ ಯಜಮಾನರಿಗೆ ನಡೆದದ್ದೆಲ್ಲ ಬರೆದೆ. ಅವರು ಫೋನು ಮಾಡಿದರು. "ಬರದದ್ದು ಛಲೋ ಆತವ್ವಾ. ಆದರ ನನಗ್ಯಾಕ ಹೇಳ್ತಿ? ಆಕಿಗೆ ಹೇಳು." ಮರುದಿನವೇ ಹೊರಟೆ. ಹಳಿಯಾಳದಲ್ಲಿ ಇಳಿದು ಅವಳ ಊರಿನ ಬಸ್ಸಿಗೆ ಕಾಯುವಾಗ ನನ್ನ ಕೈ ನೋಡಿಕೊಂಡೆ — ಒಳ್ಳೊಳ್ಳೆಯ ನೂಲಿನ ಸೀರೆಗಳ ದೊಡ್ಡದೊಂದು ಗಂಟು. ಮತ್ತೆ ಬದಲಿ ವ್ಯಾಪಾರ! ಹಳೆ ಸೀರೆ ತಗೋ, ಕ್ಷಮೆ ಕೊಡು. ತಿರುಗಿ ಬಂದೆ. ಈ ವಾರ ಬರಿಗೈಯಲ್ಲಿ ಹೋಗುತ್ತೇನೆ. ಅವಳ ಅಂಗಳದಲ್ಲಿ, ಆ ನಾಲ್ವರ ಎದುರಿಗೇ ಹೇಳುತ್ತೇನೆ. ಅವಳು ಬಾಯಾರ ಎಂದೇ ಕರೆದರೆ ಅದನ್ನೂ ಕೇಳಿಸಿಕೊಂಡು ನಿಲ್ಲುತ್ತೇನೆ.

ನಿಮ್ಮ ಮನೆಯಲ್ಲೂ ಕುಂಡಗಳಿದ್ದರೆ ಹೀಗೆ ಮಾಡಿ. ವರ್ಷಗಟ್ಟಲೆ ಉಟ್ಟು ಒಗೆದ ನೂಲಿನ ಸೀರೆ ತೆಗೆದುಕೊಳ್ಳಿ. ಹೊಸದು ಬೇಡ, ಪಾಲಿಸ್ಟರ್ ಬೇಡವೇ ಬೇಡ. ನಾಲ್ಕು ಪದರ ಮಡಚಿ ಕೈಯಿಂದ ಸಣ್ಣ ಟಾಕು ಹಾಕಿ. ಮಣ್ಣಿಗಿಳಿಸುವ ಮೊದಲು ಒಮ್ಮೆ ಪೂರ್ತಿ ನೆನೆಸಿ. ಡಬ್ಬಿಗೆ ಮುಚ್ಚಳವಿರಲಿ, ಇಲ್ಲದಿದ್ದರೆ ಸೊಳ್ಳೆ. ತುದಿಗೆ ಫೂಲ ಮರೆಯಬೇಡಿ — ಗಂಟು ಹಾಕಿದರೆ ಜಾರುತ್ತದೆ, ಫೂಲ ಹಿಡಿದುಕೊಳ್ಳುತ್ತದೆ. ಎಂಟು ದಿನ ಊರಿಗೆ ಹೋಗಿ ಬನ್ನಿ, ಗಿಡ ಹಸಿರಾಗಿಯೇ ಇರುತ್ತದೆ. ಆಗ ಯಾರಾದರೂ ನೋಡಿ, ಇದನ್ನು ಯಾರು ಕಲಿಸಿದರು ಎಂದು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಈಗಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ, ಆ ಹೊತ್ತಿಗೆ ನಾಲಿಗೆಯನ್ನು ನಂಬಬೇಡಿ: ಹಳಿಯಾಳದ ಕಡೆಯ ಜುಲೇಕಾಬಿ.