ಇಲ್ಲದ ತಂತಿ ನುಡಿದ ಮಧ್ಯಾಹ್ನ

ವಾದ್ಯ ತನ್ನಷ್ಟಕ್ಕೆ ತಾನೇ ನುಡಿಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅವರ ಬಾಯಿ ಮೂಸಿ ನೋಡುತ್ತಿದ್ದೆ. ನಮ್ಮ ಮೇಳದ ತಬಲಾದವನು ಅಂಥದೊಂದು ಕಥೆ ಹೇಳುತ್ತಿದ್ದ. ಅಮಾವಾಸ್ಯೆಗೊಮ್ಮೆ ಅವನ ಡಗ್ಗಾ ಮೂಲೆಯಲ್ಲಿ ಕೂತು ತಾನೇ ಗುಮ್ಮೆನ್ನುತ್ತದಂತೆ. "ಲೇ, ಒಳಗ ಇಲಿ ಹೊಕ್ಕಿರಬೇಕು ನೋಡು" ಎಂದು ನಾಲ್ಕು ಮಂದಿಯ ಮುಂದೆ ಅವನನ್ನು ಆಡಿಕೊಂಡಿದ್ದೆ. ಅವನು ಈಗ ಇಲ್ಲ. ಇದ್ದಿದ್ದರೆ ಇದನ್ನು ಬರೆಯಲು ನನಗೆ ಮುಖವಿರುತ್ತಿರಲಿಲ್ಲ.

ನಾನು ಬೆಟಗೇರಿಯ ನೇಕಾರ. ಕಲಿತದ್ದು ನಾಲ್ಕನೆಯ ಇಯತ್ತೆ, ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ದಿನವೂ ಮಗ್ಗ; ಮದುವೆ, ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ನಾಲ್ಕೇ ದಪ್ಪ ತಂತಿ. ಹಾಡುವವನನ್ನು ಎಲ್ಲರೂ ನೋಡುತ್ತಾರೆ, ಇದನ್ನು ಬಾರಿಸುವವನನ್ನು ಯಾರೂ ನೋಡುವುದಿಲ್ಲ. ನಿಲ್ಲಿಸಿದರೆ ಮಾತ್ರ ಹಾಡಿನ ಕೆಳಗಿನ ನೆಲವೇ ಸರಿದಂತಾಗಿ ಎಲ್ಲರೂ ತಿರುಗಿ ನೋಡುತ್ತಾರೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಎಂದು ಮೂವತ್ತು ವರ್ಷ ಹಂದರದಿಂದ ಹಂದರಕ್ಕೆ ತಿರುಗಿದ್ದೇನೆ. ಹೊಟ್ಟೆಪಾಡಿಗಲ್ಲ, ಹುಚ್ಚಿಗೆ.

ಆದರೆ ಸಾಮಾನಿನ ಹುಚ್ಚಿನವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗಿನವರಿಗೆ ಐದು ತಂತಿಯದು ಬೇಕು, ಆರು ತಂತಿಯದು ಬೇಕು. ಒಂದನ್ನೂ ನೆಟ್ಟಗೆ ಬಾರಿಸಲು ಬಾರದವನಿಗೆ ಆರನೆಯದು ಯಾಕೆ, ಅರಿವೆ ಒಣಹಾಕಲಿಕ್ಕೆ? ಕಾಲಡಿಯಲ್ಲಿ ಪೆಡಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಸಪ್ಪಳಕ್ಕೆ ಬಣ್ಣ ಬಳಿಯುತ್ತಾರೆ. ತಾಳ ಹಿಡಿಯುವುದನ್ನು ನಾನು ಮಗ್ಗದ ಲಾಳಿಯಿಂದ ಕಲಿತವನು. ಅತ್ತ ಹೋದದ್ದು ಹೊತ್ತಿಗೆ ಸರಿಯಾಗಿ ಇತ್ತ ಬರದಿದ್ದರೆ ಬಟ್ಟೆ ಕೆಡುತ್ತದೆ. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತಾರೆ ಇವರು?

ಇವರೆಲ್ಲರ ಅಪ್ಪ ಡಿ.ಜೆ. ಲಕ್ಷ್ಮೇಶ್ವರದ ನನ್ನ ಅಳಿಯನದು ಅದೇ ದಂಧೆ. ಟೆಂಪೋದ ತುಂಬ ಕಪಾಟಿನಷ್ಟು ಎತ್ತರದ ಬಾಕ್ಸುಗಳು. ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವುದು, ಅದಕ್ಕೆ "ಬಾರಿಸಿದೆ" ಎನ್ನುವುದು! ಮಗಳನ್ನು ಕೊಟ್ಟ ತಪ್ಪಿಗೆ ಬಾಯಿ ಮುಚ್ಚಿಕೊಂಡಿದ್ದೆ.

ಅಂಥವನ ಹೊಟ್ಟೆಯಲ್ಲಿ ಎಂಥ ರತ್ನ ಹುಟ್ಟಿತು ನೋಡಿ! ನನ್ನ ಮೊಮ್ಮಗಳ ಸುದ್ದಿ ಬಂದರೆ ಪೆನ್ನು ನನ್ನ ಹಿಡಿತದಲ್ಲಿರುವುದಿಲ್ಲ. ಅವಳು ಹುಟ್ಟಿದ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಕೊಟ್ಟವರಿಗೇ ಮತ್ತೆ ಕೊಟ್ಟು ನಗೆಗೀಡಾದೆ. ಆಗ ನಮ್ಮ ಗದಗ ಬೇರೆ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ನಮ್ಮ ಮನೆಗೆ ಮಾತ್ರ ಆ ದಿನವೇ ಏನೋ ಒಂದು ದೊಡ್ಡದು ಬಂದಂತಾಗಿತ್ತು.

ಕೂಸಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ಮನೆಯೊಳಗೆ ಒಂದು ಹೆದರಿಕೆ ಹೊಕ್ಕಿತು. ತಾಟು ಬಿದ್ದರೂ ಅದು ಬೆಚ್ಚುತ್ತಿರಲಿಲ್ಲ. ಹಿಂದಿನಿಂದ ಕರೆದರೆ ಹೊರಳುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನೆರೆಯವರು ತಾವೇ ಸಮಾಧಾನ ಹೇಳುತ್ತಿದ್ದರು: "ಮಗ್ಗದ ಮನಿ ಕೂಸೈತಿ, ಸಪ್ಪಳಕ್ಕ ರೂಢಿ ಆಗೇತಿ ಬಿಡ್ರಿ." ನಮ್ಮ ಓಣಿಯ ತುಂಬ ಕರೆಂಟಿನ ಮಗ್ಗಗಳು. ಇಲ್ಲಿಯ ಕೂಸುಗಳು ಸಪ್ಪಳಕ್ಕೆ ಏಳುವುದಿಲ್ಲ, ಸಪ್ಪಳ ನಿಂತರೆ ಏಳುತ್ತವೆ. ನಾವೂ ಹಾಗೆಯೇ ಬೆಳೆದವರು. ಹಾಗಾಗಿ ಆ ಮಾತನ್ನು ನಂಬಿ ಕುಳಿತೆವು, ದವಾಖಾನೆಗೆ ಹೋಗಲಿಲ್ಲ.

ಐದನೆಯ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಅಂದು ಬೆಳಿಗ್ಗೆ ನನ್ನ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಹರಿಯಿತು. ನೂಲಿಗೆ ಹಾಕುವ ಗಂಟು ಹಾಕಿ ನೋಡಿದೆ, ಜಾರಿತು. ಬಿಚ್ಚಿ ಎಸೆದು, ಮೂರೇ ತಂತಿಯ ಗಿಟಾರನ್ನು ತೊಟ್ಟಿಲ ಪಕ್ಕದ ಗೋಡೆಗೆ ಆನಿಸಿಟ್ಟೆ. ಹೊರಗೆ ಅಳಿಯ ಬಾಕ್ಸ್ ಹಚ್ಚಿದ. ಹೆಂಚು ನಡುಗಿದವು, ಅಟ್ಟದ ಮೇಲಿನ ಧೂಳು ಉದುರಿತು. ಕೂಸು ಮಲಗಿಯೇ ಇತ್ತು.

ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ.

"ಇನ್ನೊಂದ್ ನಾಕು ಹಾಕ್ರೆವಾ, ಸೀರಿ ಚಲೋದು ತಂದಿಲ್ಲ ಈಕಿ!"

"ಅಯ್ಯಯ್ಯ, ಬೆನ್ನ ಮುರದ್ರೆವ್ವಾ! ನಾ ಏನು ನಿಮ್ಮನಿ ಡೊಳ್ಳೇನ?"

ಆ ಗದ್ದಲಕ್ಕೆ ಎಂಥ ಕೂಸೂ ಕಿರುಚಬೇಕು. ನಮ್ಮದು ಕಣ್ಣು ಸಹ ತೆರೆಯಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಬಾಕ್ಸುಗಳ ಭಾರಕ್ಕೆ ಓಣಿಯ ಕರೆಂಟೇ ಹೋಯಿತು. ಡಿ.ಜೆ. ನಿಂತಿತು, ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆಚೆ ಮನೆಯ ಕೂಸು ಎದ್ದು ಅತ್ತಿತು. ಈಚೆ ಮನೆಯದೂ ಅತ್ತಿತು. ನಮ್ಮ ತೊಟ್ಟಿಲು ಮಾತ್ರ ಸುಮ್ಮನಿತ್ತು. ರೂಢಿ ಆಗೇತಿ ಎಂಬ ಮಾತು ಆ ಕ್ಷಣಕ್ಕೆ ಸತ್ತಿತು. ನಾನು, ನನ್ನ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಂದಿ ಹಿತ್ತಲಿಗೆ ಊಟಕ್ಕೆ ಹೋದರು, ಮಗಳೂ ಹೋದಳು. ಗಂಡಸರು ಕರೆಂಟಿನ ಕಂಬದ ಕಡೆ ನಡೆದರು. ಒಳಗೆ ಉಳಿದವರು ನಾವಿಬ್ಬರು ಮತ್ತು ಕೂಸು. ಸ್ವಲ್ಪ ಹೊತ್ತಿಗೆ ಕೂಸು ತಾನೇ ಎಚ್ಚೆತ್ತು ಆಚೆ ಗೋಡೆ ನೋಡುತ್ತ ಮಲಗಿತ್ತು. ಚಿಟಿಕೆ ಹೊಡೆದೆ. ಚಪ್ಪಾಳೆ ತಟ್ಟಿದೆ. ಹೊರಳಲಿಲ್ಲ. ಏನು ಮಾಡಬೇಕೋ ತಿಳಿಯದೆ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದಕ್ಕೆ ವಯರು ಸಹ ಹಚ್ಚಿರಲಿಲ್ಲ. ಮೂವತ್ತು ವರ್ಷದ ರೂಢಿ, ಬೆರಳು ತಾನಾಗಿ ದಪ್ಪ ತಂತಿಯ ಜಾಗಕ್ಕೆ ಹೋಯಿತು. ಅಲ್ಲಿ ತಂತಿ ಇರಲಿಲ್ಲ. ಬರೀ ಗಾಳಿಯನ್ನು ಮೀಟಿದೆ.

ಆ ತಂತಿಯ ಸಪ್ಪಳ ಬಂತು. ತುಂಬು ಸಪ್ಪಳ. ತೊಡೆಯ ಮೇಲೆ ಗಿಟಾರಿನ ಕಟ್ಟಿಗೆ ನಡುಗಿತು, ನನ್ನ ಎದೆಗೂಡು ನಡುಗಿತು. ನೆಟ್ಟಗೆ ಶ್ರುತಿಯಲ್ಲಿತ್ತು. ಕೂಸು ಕತ್ತು ಹೊರಳಿಸಿ ನನ್ನನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು.

ಹೆಂಡತಿಯ ಕೈಯಲ್ಲಿದ್ದ ಗುಗ್ಗರಿ ತಾಟು ನೆಲಕ್ಕೆ ಬಿತ್ತು. "ಏನ್ರೀ, ಯಾವ ತಂತಿ ಬಾರಿಸಿದ್ರಿ?"

"ಯಾವುದೂ ಇಲ್ಲ."

"ಮತ್ತ ಕೂಸು ಹೊಳ್ಳಿ ನೋಡ್ತಲ್ರೀ! ನಾ ಇದಕ್ಕ ಕೇಳಂಗೇ ಇಲ್ಲ ಅಂದ್ಕೊಂಡಿದ್ನಲ್ರೀ..." ಎಂದು ಅಲ್ಲೇ ಕೂತು ಅತ್ತಳು. ಇಷ್ಟು ದಿನ ಯಾರೂ ಆಡದ ಮಾತು ಹೀಗೆ ಹೊರಬಿತ್ತು. ಮಗಳು ಓಡಿ ಬಂದಳು. ಅಳಿಯ ಎಲ್ಲವನ್ನೂ ಕೇಳಿ ಬಾಕ್ಸುಗಳನ್ನೆಲ್ಲ ರಸ್ತೆಗೆ ಇಳಿಸಿದ. "ಮಾಮಾರ, ಹತ್ರಿ. ಇವತ್ತ ಡಾಕ್ಟರಿಗೆ ತೋರ್ಸೂಣು." ಬರಿದಾದ ಅದೇ ಟೆಂಪೋದಲ್ಲಿ ಹುಬ್ಬಳ್ಳಿಗೆ ಹೋದೆವು. ಅವನ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವನ ಬಗ್ಗೆ ಬದಲಾಯಿತು.

ಕೆಲವು ದಿನ ತಪಾಸಣೆ ಮಾಡಿ ಡಾಕ್ಟರು ಹೇಳಿದರು: "ಅಜ್ಜಾರ, ಜಲ್ದಿ ಬಂದಿದ್ದು ಬಾಳ ಚಲೋ ಆತು. ಕಿವಿಗೆ ಮಶೀನ ಹಾಕಿದ್ರ ಮಾತು ಕಲೀತಾಳ." ನಾನು ಆ ಮಧ್ಯಾಹ್ನದ ಸುದ್ದಿ ಹೇಳಿದೆ. ಅವರು ನಕ್ಕರು. ಮಶೀನು ಇಲ್ಲದೆ ಈ ಕೂಸಿಗೆ ಗುಡುಗು ಸಹ ಕೇಳಿರಲಿಕ್ಕಿಲ್ಲ ಎಂದರು.

ಮಶೀನು ಬಂತು, ಮಾತೂ ಬಂತು. ಈಗ ಅವಳು ಒಂದೇ ಉಸಿರಿಗೆ ಆಡುವುದನ್ನು ಕೇಳಬೇಕು ನೀವು! ನಮ್ಮ ಮನೆಗೆ ಬಂದಾಗ ಮುಂಜಾನೆ ಎದ್ದರೆ "ಅಜ್ಜಾ, ಅದು ಹಂಗ್ಯಾಕ, ಇದು ಹಿಂಗ್ಯಾಕ" ಎಂದು ನನ್ನ ತಲೆ ತಿನ್ನುತ್ತಾಳೆ. ತಿನ್ನಲಿ, ಇರುವುದೇ ಅದಕ್ಕೆ.

ಅಂದಿನದಕ್ಕೆ ಮಂದಿ ಕಾರಣ ಕೊಟ್ಟರು. ಲಾರಿ ಹೋಗಿರಬೇಕು ಎಂದ ಒಬ್ಬ. ನಮ್ಮ ಓಣಿಯಲ್ಲಿ ಅಳಿಯನ ಟೆಂಪೋ ಹೊಕ್ಕಿದ್ದೇ ಹೆಚ್ಚು. ಬಾಕ್ಸಿನಲ್ಲಿ ಕರೆಂಟು ಉಳಿದಿರಬೇಕು ಎಂದ ಇನ್ನೊಬ್ಬ ಶಾಣ್ಯಾ. ನಿಮಗೆ ಭ್ರಮೆ ಎಂದರು ಹಲವರು. ಇರಬಹುದು ಎಂದುಕೊಂಡು ತಂತಿ ಬಿಚ್ಚಿ, ಅದೇ ಜಾಗದಲ್ಲಿ ಕೂತು ಎಷ್ಟೋ ಸಲ ಮೀಟಿದ್ದೇನೆ. ಬೆರಳಿಗೆ ಗಾಳಿ ಬಿಟ್ಟು ಬೇರೇನೂ ಸಿಕ್ಕಿಲ್ಲ.

ಅದು ಸುಳ್ಳು ಎಂದು ಒಪ್ಪಿಕೊಂಡರೆ ನನಗೂ ಹಗುರಾಗುತ್ತದೆ. ಆದರೆ ಅದು ಸುಳ್ಳಾದರೆ ಕೂಸು ಯಾವುದಕ್ಕೆ ತಿರುಗಿತು? ತಿರುಗಿದ್ದನ್ನು ನಾನು ಕಂಡಿದ್ದೇನೆ, ನನ್ನ ಹೆಂಡತಿ ಕಂಡಿದ್ದಾಳೆ. ಅದು ನಕ್ಕಿದ್ದು ನನ್ನ ಮುಖ ನೋಡಿಯೇ.