ಖಾಲಿ ಕೇಳುವ ಕಿವಿ

ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಕಾಕಾ ಬಲಗಿವಿಯ ಹಿಂದೆ ಬೆಸುಗೆ ತಂತಿಯ ತುಂಡೊಂದನ್ನು ಸದಾ ಸಿಕ್ಕಿಸಿಕೊಂಡಿರುತ್ತಿದ್ದರು. ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಕೆಟ್ಟುಹೋಗಿತ್ತು. ಉಳಿದ ಒಂದೇ ಕಿವಿಯನ್ನು ನಂಬಿ ಸುಲ್ತಾನ್ ಬಜಾರಿನಲ್ಲಿ, ಸೀರೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ, ರೇಡಿಯೊ ಆಂಪ್ಲಿಫೈಯರ್ ರಿಪೇರಿ ಮಾಡಿ ಸಂಸಾರ ಸಾಕಿದರು. ಆ ಕಿವಿಯನ್ನು ಹಾಳು ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಬರೆಯುವಷ್ಟು ತಾಳ್ಮೆ ನನಗಿಲ್ಲ.

ನಾನು ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಕಂಪ್ಯೂಟರ್ ಕೋರ್ಸು ಮಾಡುತ್ತಿದ್ದಾಗ ಕೆಟ್ಟ ಟೇಪ್‌ರೆಕಾರ್ಡರ್ ಹಿಡಿದು ಅವರ ಅಂಗಡಿಗೆ ಹೋಗಿದ್ದೆ. ನನ್ನ ಮುರುಕು ತೆಲುಗು ಕೇಳಿ ನಕ್ಕು, "ಕನ್ನಡದಾಗ ಹೇಳ್ರಿ, ನಾ ಸಿಂಧನೂರು ಕಡಿಯಾವ" ಎಂದರು. ನಾನು ಹೊಸಪೇಟೆಯವನು. ಅವತ್ತಿನಿಂದ ಅವರು ನನಗೆ ಕಾಕಾ. ಕೆಲಸ ಸಿಕ್ಕಿ ಮಿಯಾಪುರದಲ್ಲಿ ಫ್ಲ್ಯಾಟ್ ಹಿಡಿದಾಗ ಹಾಡು ಕೇಳುವ ಇಡೀ ಸೆಟ್ಟನ್ನು ಅವರೇ ಕೂಡಿಸಿಕೊಟ್ಟರು. ಎರಡು ಸ್ಪೀಕರು, ಅವನ್ನು ಓಡಿಸುವ ಪವರ್ ಆಂಪ್, ಅದಕ್ಕೂ ಮೊದಲು ಒಂದು ಪ್ರೀಆಂಪ್. ಈ ಪ್ರೀಆಂಪ್ ಎಂಬ ಪೆಟ್ಟಿಗೆಯಲ್ಲೇ ಸದ್ದು ಏರಿಸಿ ಇಳಿಸುವ ಗುಂಡಿ ಇರುವುದು. ನಿಂಬೆಹಣ್ಣಿನ ಗಾತ್ರದ ಆ ಅಲ್ಯೂಮಿನಿಯಂ ಗುಂಡಿಯನ್ನು ಕಾಕಾ ಕೈಯಾರೆ ಉಜ್ಜಿ ನುಣುಪು ಮಾಡಿದ್ದರು.

ಯಾವ ಪೆಟ್ಟಿಗೆಯನ್ನೂ ಅವರು ಹಾಡು ಹಾಕಿ ಪರೀಕ್ಷಿಸುತ್ತಿರಲಿಲ್ಲ. ಏನೂ ಹಾಕದೆ, ಗುಂಡಿಯನ್ನು ಪೂರ್ತಿ ತಿರುಗಿಸಿ, ಸ್ಪೀಕರಿನ ಬಟ್ಟೆಗೆ ಬಲಗಿವಿ ಒತ್ತಿ ಕಣ್ಣು ಮುಚ್ಚಿ ಕೂರುತ್ತಿದ್ದರು. "ಹಾಡು ಎಲ್ಲಾರೂ ಕೇಳ್ತಾರ್ರಿ. ಖಾಲಿ ಕೇಳಬೇಕು" ಎನ್ನುತ್ತಿದ್ದರು. ಎಳ್ಳಷ್ಟು ಗುಂಯ್ ಎಂದರೂ ಪೆಟ್ಟಿಗೆ ಅಂಗಡಿ ದಾಟುತ್ತಿರಲಿಲ್ಲ. ಗಿರಾಕಿ ಬೈದರೂ ಅಷ್ಟೇ, ಕಾಲು ಹಿಡಿದರೂ ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಕಂಪ್ಯೂಟರಿನಲ್ಲೇ ಹಾಡು ತುಂಬಿಸಿಟ್ಟುಕೊಂಡು ಕೇಳುವುದು ಬಂತು. ಆಫೀಸಿನಲ್ಲಿ ನನ್ನ ಟೀಮ್ ಲೀಡ್ ಒಬ್ಬನಿದ್ದ, ಎಲ್ಲದರಲ್ಲೂ ಪಂಡಿತ. ಅವನ ಪ್ರಕಾರ ನಡುವೆ ಪೆಟ್ಟಿಗೆ ಇದ್ದಷ್ಟೂ ಸದ್ದಿಗೆ ಕೊಳೆ ಹತ್ತುತ್ತದೆ. ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿಸುವ ಡಿಜಿಟಲ್ ಪರಿವರ್ತಕದಿಂದ ನೇರವಾಗಿ ಪವರ್ ಆಂಪಿಗೆ ತಂತಿ ಕೊಡಬೇಕು. ಸದ್ದನ್ನು ಸಾಫ್ಟ್‌ವೇರಿನಲ್ಲಿ ಕಡಿಮೆ ಮಾಡಿಕೊಂಡರಾಯಿತು. ನಾನೂ ಕೋಲೆಬಸವನಂತೆ ತಲೆಯಾಡಿಸಿ ಕಾಕಾನ ಪ್ರೀಆಂಪನ್ನು ಕಿತ್ತು ಮಂಚದ ಕೆಳಗೆ ತಳ್ಳಿದೆ. ತಳ್ಳಿ ಸುಮ್ಮನಿದ್ದೆನೇ? ಅಂಗಡಿಗೆ ಹೋಗಿ ಜಂಬ ಕೊಚ್ಚಿಕೊಂಡೆ.

ಕಾಕಾ ಕೆಲಸದಿಂದ ತಲೆ ಎತ್ತಿದರು. "ಕೈಗೆ ಸಿಗೋ ಗುಂಡಿ ಒಂದು ಇರ್ಲಿರಿ. ಕಂಪ್ಯೂಟರ್ ಭಾಳ ಶಾಣ್ಯಾ ಐತಿ ಖರೆ, ಅದಕ್ಕ ಕಿವಿ ಇಲ್ಲಲ್ರಿ."

"ನಿಮ್ದು ಹಳೇ ಕಾಲ ಕಾಕಾ. ಒಂದ್ಸಲ ಬಂದು ಕೇಳ್ರಿ, ಆಮ್ಯಾಲೆ ಮಾತಾಡ್ರಿ" ಎಂದೆ. ಅವರನ್ನು ಸೋಲಿಸಬೇಕಿತ್ತು ನನಗೆ, ಅದಕ್ಕೇ ಕರೆದೆ.

ಒಂದು ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಹಾಡು ಹಾಕಿದೆ. ಪೂರ್ತಿ ಕೇಳಿ, "ಸಾಫ್ ಐತ್ರಿ. ಸುಳ್ಳ್ ಯಾಕ ಹೇಳ್ಲಿ" ಎಂದರು. ನಾನು ಬೀಗಿದೆ. ಹಾಡು ನಿಲ್ಲಿಸಿ ಅಂದರು, ನಿಲ್ಲಿಸಿದೆ. ಎದ್ದು ಹೋಗಿ ನೆಲದ ಮೇಲೆ ಕೂತು, ಸ್ಪೀಕರಿಗೆ ಬಲಗಿವಿ ಒತ್ತಿ ಕಣ್ಣು ಮುಚ್ಚಿದರು.

ಅಷ್ಟರಲ್ಲಿ ಕಂಪ್ಯೂಟರಿಗೆ ಸಂದೇಶ ಬಂತು. ಹಾಡಿನ ಸಾಫ್ಟ್‌ವೇರಿನಲ್ಲಿ ನಾನು ತಗ್ಗಿಸಿಟ್ಟ ಸದ್ದು ಹಾಡಿಗೆ ಮಾತ್ರ ಲೆಕ್ಕ; ಸಂದೇಶದ ಗಂಟೆಗೆ ಅದರ ಹಂಗಿಲ್ಲ. ನಡುವೆ ಗುಂಡಿಯೂ ಇಲ್ಲ. ಪವರ್ ಆಂಪಿನ ಪೂರ್ತಿ ಬಲದಲ್ಲಿ ಆ ಗಂಟೆ ಮೂರು ಸಲ ಬಡಿಯಿತು. ಕಿಟಕಿಯ ಗಾಜು ಅದುರಿತು. ಕಾಕಾ ಕಿವಿ ಹಿಡಿದುಕೊಂಡು ಹಿಂದಕ್ಕೆ ಬಿದ್ದರು. ನಾನು ಓಡಿ ಹೋಗಿ ಎತ್ತಿದರೆ ಅವರು ಹೇಳಿದ ಮೊದಲ ಮಾತು, "ಸ್ಪೀಕರ್ ಹೋತೇನ್ ನೋಡ್ರಿ."

ಸಂದೇಶ ಕಳಿಸಿದ್ದು ಟೀಮ್ ಲೀಡ್; ಕಾಕಾ ಬರುವ ವಿಷಯ ಅವನಿಗೆ ನಾನೇ ಹೇಳಿದ್ದೆ. ಮುದುಕ ಒಪ್ಪಿಕೊಂಡನಾ ಎಂದು ಮೂರು ಸಲ ಕೇಳಿದ್ದ. ಸೋಮವಾರ ಆದದ್ದನ್ನು ಹೇಳಿದೆ. ಚಹಾ ಹೀರುತ್ತಾ, ತನ್ನ ತೆಲುಗು ಬೆರೆತ ಕನ್ನಡದಲ್ಲಿ, "ಸಿಸ್ಟಮ್ ಸೌಂಡ್ ಆಫ್ ಮಾಡಬೇಕಿತ್ತು ಕದಾ" ಎಂದ. ಆ ಚಹಾವನ್ನು ಅವನ ಮುಖಕ್ಕೆ ಎರಚಲಿಲ್ಲವೆಂದು ನನ್ನ ಮೇಲೆ ಇವತ್ತಿಗೂ ಸಿಟ್ಟಿದೆ.

ಕಿವಿಯ ನರ ಸತ್ತಿದೆ ಎಂದರು ಡಾಕ್ಟರು. ಕಾಕಾ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಅದೂ ನನಗೆ ಸಿಟ್ಟೇ. ಕೆನ್ನೆಗೆ ಎರಡು ಬಾರಿಸಿದ್ದರೆ ಹಗುರಾಗುತ್ತಿದ್ದೆ. ಅವರು ಮಾತ್ರ, "ಆ ಪೆಟ್ಟಿಗಿ ಕೊಡ್ರಿ, ಗುಂಡಿ ಕರಕರ ಅಂತಿತ್ತು, ಹೊಸಾದು ಹಾಕ್ತೀನಿ" ಎಂದು ಮಂಚದ ಕೆಳಗಿನ ಪ್ರೀಆಂಪನ್ನು ತರಿಸಿಕೊಂಡರು.

ತಿಂಗಳಾದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾವೇ ಬಂದರು. ತಾವೇ ತಂತಿ ಸೇರಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ, ಅಭ್ಯಾಸಬಲದಿಂದ ಸ್ಪೀಕರಿನ ಮುಂದೆ ಕೂತರು. ಆಮೇಲೆ ನೆನಪಾಗಿರಬೇಕು, ಎದ್ದು ಜಾಗ ಬಿಟ್ಟರು.

"ನೀವು ಕೇಳಿ ಹೇಳ್ರಿ. ಗುಂಯ್ ಅಂತೈತೇನು?"

ಕಿವಿ ಒತ್ತಿದೆ. ಗುಂಯ್ ಎನ್ನುತ್ತಿತ್ತು, ಚೆನ್ನಾಗಿಯೇ. ಎಲ್ಲೋ ಅರ್ಥ್ ತಂತಿ ತಪ್ಪಾಗಿ ಬೆಸೆದಿದ್ದರು. ಇಂಥ ಪೆಟ್ಟಿಗೆಯನ್ನು ಜೀವಮಾನದಲ್ಲೇ ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ಮಾತು ಕೇಳಿಸದಿದ್ದರಿಂದ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲವೆಂದು ತಲೆಯಾಡಿಸಿದೆ.

"ಹಂಗಾದ್ರ ಕೈ ಇನ್ನೂ ಐತಿ" ಎಂದು ನಕ್ಕರು. ಬಸ್ ಸ್ಟಾಪಿನವರೆಗೂ ನಗುತ್ತಲೇ ನಡೆದರು. ಅದೇ ಅವರು ಮಾಡಿದ ಕೊನೆಯ ಕೆಲಸ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಈಗ ಲೇಸು, ಗುಂಡಿ, ದಾರ ಮಾರುತ್ತಾರೆ. ಎರಡು ವರ್ಷದ ಮೇಲೆ ಕಾಕಾ ತೀರಿಕೊಂಡರು.

ಮೊನ್ನೆ ಊಟಕ್ಕೆ ಬಂದಿದ್ದ ಸಹೋದ್ಯೋಗಿ ಸ್ಪೀಕರಿನ ಪಕ್ಕ ಕೂತು, "ಸಾರ್, ಗುಂಯ್ ಅಂತಿದೆ. ನಡುವಿನ ಆ ಹಳೇ ಡಬ್ಬ ತೆಗೆದು ಡೈರೆಕ್ಟ್ ಕೊಟ್ಬಿಡಿ" ಎಂದ. ಅವನಿಗೇನು ಗೊತ್ತು, ಪಾಪ. ಆದರೂ ಬಾಯಿಗೆ ಬಂದಂತೆ ಬೈದೆ. ಅರ್ಧ ಊಟಕ್ಕೆ ಎದ್ದು ಹೋದ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ನಾನು ಹಾಡು ನಿಲ್ಲಿಸಿ, ಕಾಕಾನ ಗುಂಡಿಯನ್ನು ಪೂರ್ತಿ ತಿರುಗಿಸಿ, ಸ್ಪೀಕರಿನ ಬಟ್ಟೆಗೆ ಕಿವಿ ಒತ್ತಿ ಕೂತೆ.